ಬಲಿಪೂಜೆಯಿಲ್ಲದ ಶುಕ್ರವಾರ

ಕಥೋಲಿಕ ದೇವಾಲಯಗಳಲ್ಲಿ ದಿನ ತಪ್ಪದೆ ನಡೆಯುವ ಬಲಿಪೂಜೆ, ಎಂದರೆ ಯೇಸುವಿನ ಕಡೆಯ ಭೋಜನವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ, ಯೇಸು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರದಂದು ನಡೆಯುವುದಿಲ್ಲ ಎಂಬುದನ್ನು ನಾನು ಮೊದಲು ಗಮನಿಸಿದ್ದು ಎಂಟೋ ಒಂಬತ್ತೋ ವಯಸ್ಸಿನಲ್ಲಿ. ಹಿಂದಿನ ದಿನ, ಪವಿತ್ರ ಗುರುವಾರದ ರಾತ್ರಿ, ಪೂಜೆ ಮುಗಿದ ಮೇಲೆ ಉಪದೇಶಿಗಳೂ ಇಬ್ಬರು ಹುಡುಗರೂ ಸೇರಿ ಬಲಿಪೀಠದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಒಳಗೆ ಒಯ್ದಿದ್ದರು. ಮೇಣದ ಬತ್ತಿ, ಹೂದಾನಿ, ಶಿಲುಬೆ ಎಲ್ಲವೂ ಹೋಗಿ, ಬೆಳಗ್ಗೆ ನೋಡಿದರೆ ಬರೀ ಕಲ್ಲಿನ ಪೀಠ ಉಳಿದಿತ್ತು. ಪರಮಪ್ರಸಾದವನ್ನು, ಎಂದರೆ ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯನ್ನು, ಇಡುವ ಸಂಪುಟದ ಬಾಗಿಲು ತೆರೆದೇ ಇತ್ತು. ಅದರ ಮುಂದೆ ಸದಾ ಉರಿಯುವ ಕೆಂಪು ದೀಪ ಆರಿತ್ತು. ಗಂಟೆ ಬಾರಿಸುವಂತಿರಲಿಲ್ಲವಾದ್ದರಿಂದ, ಹಲಗೆಗೆ ಮರದ ಸುತ್ತಿಗೆ ಬಡಿಯುವ ಒಂದು ಸಾಧನವನ್ನು ಕಟಕಟ ಆಡಿಸುತ್ತಾ ಹುಡುಗರು ದೇವಾಲಯದ ಸುತ್ತ ನಡೆಯುತ್ತಿದ್ದರು. ಮನೆಯಲ್ಲೂ ಅಂದು ಅಜ್ಜಿ ಒಲೆ ಹಚ್ಚಿರಲಿಲ್ಲ. ಸಂಜೆ ದೇವಾಲಯದ ಅಂಗಳದಲ್ಲಿ ಕೊಪ್ಪರಿಗೆಯಿಂದ ಬಡಿಸುವ ಗಂಜಿಯೇ ಒಂದು ಹೊತ್ತಿನ ಊಟ. ಪೂಜೆ ಯಾಕಿಲ್ಲ ಎಂದು ಕೇಳಿದ್ದಕ್ಕೆ ಅವಳು, "ಸಾವಾದ ಮನೇಲಿ ಒಲೆ ಹಚ್ತಾರೇನೋ ಮಗ?" ಎಂದಷ್ಟೇ ಹೇಳಿ ಜಪಸರ ಎಣಿಸುವುದಕ್ಕೆ ಮರಳಿದಳು.

ಓದುಬರಹ ತಿಳಿಯದ ಅಜ್ಜಿ ಮಗುವಿನ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆಮೇಲೆ, ಧರ್ಮಸಭೆಯ ಆರಾಧನಾ ಇತಿಹಾಸವನ್ನು ನನ್ನಷ್ಟಕ್ಕೆ ಓದಲು ತೊಡಗಿದಾಗ, ಇಟಲಿಯ ಗುಬ್ಬಿಯೊ ಎಂಬ ಊರಿನ ಧರ್ಮಾಧ್ಯಕ್ಷ ದೆಚೆಂತಿಯುಸನಿಗೆ ಪೋಪ್ ಒಂದನೆಯ ಇನ್ನೊಸೆಂಟ್ 416ರಲ್ಲಿ ಬರೆದ ಪತ್ರವೊಂದರ ಉಲ್ಲೇಖ ಸಿಕ್ಕಿತು. ಪೂಜಾವಿಧಿಗಳ ಕುರಿತ ಹಲವು ಸಂದೇಹಗಳಿಗೆ ಉತ್ತರಿಸುತ್ತಾ ಪೋಪ್ ಒಂದೆಡೆ ಹೇಳುವುದಿಷ್ಟು: ಆ ಎರಡು ದಿನಗಳಲ್ಲಿ, ಎಂದರೆ ಶುಕ್ರವಾರ ಮತ್ತು ಶನಿವಾರ, ಪ್ರೇಷಿತರು, ಯೇಸುವಿನ ಆಪ್ತ ಶಿಷ್ಯರು, ದುಃಖದಲ್ಲಿ ಮುಳುಗಿದ್ದರು, ಹೆದರಿ ಅಡಗಿದ್ದರು, ಆದಕಾರಣ ಆ ಎರಡು ದಿನ ಬಲಿಪೂಜೆಯಂಥ ಸಂಸ್ಕಾರಗಳನ್ನು ಆಚರಿಸದಿರುವುದೇ ಧರ್ಮಸಭೆಯ ಪರಂಪರೆ. ದೇವಶಾಸ್ತ್ರದ ಗಹನವಾದ ಕಾರಣವನ್ನೇನೂ ಪೋಪ್ ಕೊಡುವುದಿಲ್ಲ. ಮನೆಯ ಯಜಮಾನ ತೀರಿಕೊಂಡಿದ್ದಾನೆ, ಮನೆಯವರು ದಿಕ್ಕೆಟ್ಟು ಕೂತಿದ್ದಾರೆ, ಇಂಥ ಹೊತ್ತಿನಲ್ಲಿ ಊಟದ ಮೇಜು ಹಾಸುವುದುಂಟೆ ಎಂಬುದೇ ಅವನ ವಾದ. ಸಾವಿರದೈನೂರಕ್ಕೂ ಹೆಚ್ಚು ವರ್ಷಗಳ ಆಚೆಯಿಂದ ಪೋಪ್ ಕೊಟ್ಟ ಕಾರಣವೂ ನಮ್ಮಜ್ಜಿ ಕೊಟ್ಟ ಕಾರಣವೂ ಒಂದೇ ಆಗಿದ್ದುದನ್ನು ಕಂಡು ನಾನು ಆ ಪುಟವನ್ನು ಎರಡು ಸಲ ಓದಿದೆ.

ಈ ದಿನದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಯೇಸುವನ್ನು ಶಿಲುಬೆಗೇರಿಸಿದ್ದು ಶುಕ್ರವಾರ ಎಂಬ ವಿಷಯದಲ್ಲಿ ಅವನ ಬದುಕನ್ನು ಹೇಳುವ ನಾಲ್ಕೂ ಶುಭಸಂದೇಶಗಳಿಗೆ ಒಮ್ಮತವಿದೆ. ಪೊಂತಿಯುಸ್ ಪಿಲಾತನು ಜುದೇಯದ ರಾಜ್ಯಪಾಲನಾಗಿದ್ದಾಗ ಎಂಬುದರಲ್ಲೂ ಇದೆ, ಮತ್ತು ಇದನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ದಾಖಲಿಸಿದ್ದಾನೆ. ಪಿಲಾತ ಆ ಹುದ್ದೆಯಲ್ಲಿದ್ದುದು ಕ್ರಿಸ್ತಶಕ 26ರಿಂದ 36ರವರೆಗೆ. ಆದರೆ ಆ ಶುಕ್ರವಾರ ಯೆಹೂದ್ಯರ ಪಾಸ್ಖ ಹಬ್ಬದ ದಿನವೇ ಅಥವಾ ಹಬ್ಬದ ಹಿಂದಿನ ದಿನವೇ ಎಂಬಲ್ಲಿ ಒಂದು ಕೊಂಡಿ ತಪ್ಪುತ್ತದೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಗುರುವಾರ ರಾತ್ರಿಯ ಕಡೆಯ ಭೋಜನವೇ ಪಾಸ್ಖ ಭೋಜನ. ಯೊವಾನ್ನನ ಪ್ರಕಾರ ಹಬ್ಬ ಇನ್ನೂ ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಯೆರೂಸಲೇಮಿನ ಮಹಾದೇವಾಲಯದಲ್ಲಿ ಹಬ್ಬದ ಕುರಿಮರಿಗಳನ್ನು ವಧಿಸುವ ಹೊತ್ತಿಗೆ ಇತ್ತ ಊರಾಚೆ ಯೇಸು ಪ್ರಾಣ ಬಿಡುತ್ತಿದ್ದ. ಇದು ಕಾಲಗಣನೆಯ ಸಣ್ಣ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಶುಕ್ರವಾರದ ಮರಣಕ್ಕೆ ಕ್ರೈಸ್ತರು ಕೊಟ್ಟುಕೊಂಡ ಅರ್ಥದ ಒಂದು ಮುಖ್ಯ ಎಳೆ, ಅಂದರೆ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ರಾತ್ರಿ ಬಾಗಿಲಿಗೆ ಬಳಿದ ಕುರಿಮರಿಯ ರಕ್ತದ ನೆನಪು, ಯೊವಾನ್ನನ ಈ ಲೆಕ್ಕದಲ್ಲಿ ಬಹಳ ಗಟ್ಟಿಯಾಗಿ ನಿಂತಿದೆ.

ಮೊದಲ ಕ್ರೈಸ್ತರಿಗೆ ಈ ದಿನ ಮುಖ್ಯವಾಗಿ ಉಪವಾಸದ ದಿನ. ಮದುಮಗನು ತಮ್ಮೊಂದಿಗಿರುವಾಗ ಗೆಳೆಯರು ಉಪವಾಸ ಮಾಡುವುದಿಲ್ಲ, ಅವನನ್ನು ಅವರಿಂದ ತೆಗೆದುಕೊಂಡು ಹೋಗುವ ದಿನ ಬರುತ್ತದೆ, ಆಗ ಮಾಡುತ್ತಾರೆ ಎಂಬ ಯೇಸುವಿನ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡರು. ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಧರ್ಮಾಧ್ಯಕ್ಷ ಇರೆನೇಯುಸ್ ಬರೆದ ಪತ್ರವೊಂದರಲ್ಲಿ, ಕ್ರೈಸ್ತರ ಪಾಸ್ಖ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಮೊದಲು ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ಹಗಲೂ ರಾತ್ರಿಯೂ ಸೇರಿ ನಲವತ್ತು ಗಂಟೆ ಉಪವಾಸವಿರುತ್ತಾರೆಂದೂ, ಈ ಭೇದ ತಮ್ಮ ಹಿರಿಯರ ಕಾಲದಿಂದಲೇ ಇದೆಯೆಂದೂ ಹೇಳಲಾಗಿದೆ. ಆ ಕಾಲದಲ್ಲಿ ಮರಣಕ್ಕೊಂದು ದಿನ, ಪುನರುತ್ಥಾನಕ್ಕೊಂದು ದಿನ ಎಂದು ಬೇರೆ ಬೇರೆ ಮಾಡಿರಲಿಲ್ಲ. ಉಪವಾಸದಿಂದ ಆರಂಭವಾಗಿ ನಡುರಾತ್ರಿಯ ಜಾಗರಣೆಯಲ್ಲಿ ಮುಗಿಯುವ ಒಂದೇ ಹಬ್ಬ ಅದು. ಶುಕ್ರವಾರ ತನ್ನದೇ ವಿಧಿಗಳುಳ್ಳ ದಿನವಾಗಿ ಬೇರೆಯಾದದ್ದು ಯೆರೂಸಲೇಮಿನಲ್ಲಿ, ನಾಲ್ಕನೆಯ ಶತಮಾನದಲ್ಲಿ. ಮತ್ತು ಅದನ್ನು ಕಣ್ಣಾರೆ ಕಂಡು ಬರೆದಿಟ್ಟವಳು ಒಬ್ಬ ಹೆಂಗಸು.

ಅವಳ ಹೆಸರು ಎಗೇರಿಯ. ಪಶ್ಚಿಮದ ತುದಿಯಿಂದ, ಬಹುಶಃ ಸ್ಪೇನಿನ ಕಡೆಯಿಂದ, 381ರಿಂದ 384ರ ನಡುವೆ ಪುಣ್ಯಕ್ಷೇತ್ರಗಳ ಯಾತ್ರೆಗೆ ಬಂದು, ಊರಿನಲ್ಲಿದ್ದ ತನ್ನ ಸೋದರಿಯರಿಗಾಗಿ ಕಂಡದ್ದನ್ನೆಲ್ಲ ಬರೆದಳು. ಆ ಬರಹದ ಹಸ್ತಪ್ರತಿ ಇಟಲಿಯ ಅರೆಝೊದಲ್ಲಿ 1884ರಲ್ಲಿ ಸಿಕ್ಕಿತು. ಮೊದಲ ಮತ್ತು ಕೊನೆಯ ಹಾಳೆಗಳು ಇಲ್ಲ. ಗುರುವಾರದ ರಾತ್ರಿಯಿಡೀ ಜನ ಒಲಿವ್ ಗುಡ್ಡದ ಮೇಲೆ ಜಾಗರಣೆಯಿದ್ದು, ಯೇಸುವನ್ನು ಬಂಧಿಸಿದ ಗೆತ್ಸೆಮನೆಯಲ್ಲಿ ಆ ಭಾಗವನ್ನು ಓದುವಾಗ ಗೋಳಾಡುತ್ತಿದ್ದರಂತೆ, ಆ ಗೋಳು ಊರಿನವರೆಗೂ ಕೇಳಿಸುತ್ತಿತ್ತಂತೆ. ಶುಕ್ರವಾರ ಬೆಳಗ್ಗೆ ಎಂಟರ ಸುಮಾರಿಗೆ, ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥದಲ್ಲಿ ಧರ್ಮಾಧ್ಯಕ್ಷನಿಗೆ ಪೀಠ ಹಾಕಿ, ಅವನ ಮುಂದೆ ಬಿಳಿ ಬಟ್ಟೆ ಹೊದಿಸಿದ ಮೇಜನ್ನಿಟ್ಟು, ಚಿನ್ನದ ನೀರು ಕೊಟ್ಟ ಬೆಳ್ಳಿಯ ಪೆಟ್ಟಿಗೆಯಿಂದ ಶಿಲುಬೆಯ ಮರವನ್ನು ತೆಗೆಯುತ್ತಿದ್ದರು. ಧರ್ಮಾಧ್ಯಕ್ಷ ಮರದ ಎರಡು ತುದಿಗಳನ್ನು ಕೈಯಲ್ಲಿ ಬಿಗಿಯಾಗಿ ಒತ್ತಿ ಹಿಡಿದಿರುತ್ತಿದ್ದ, ಸುತ್ತ ಅವನ ಸೇವೆಯಲ್ಲಿ ನೆರವಾಗುವ ಡೀಕನರು ಕಾವಲು ನಿಂತಿರುತ್ತಿದ್ದರು. ಕಾವಲಿಗೆ ಕಾರಣವಿತ್ತು: ಹಿಂದೊಮ್ಮೆ ಯಾರೋ ಭಕ್ತ ಮುತ್ತಿಡುವ ನೆಪದಲ್ಲಿ ಮರದ ಚೂರೊಂದನ್ನು ಹಲ್ಲಿನಿಂದ ಕಚ್ಚಿ ಕದ್ದೊಯ್ದಿದ್ದನಂತೆ. ಎಗೇರಿಯ ಇದನ್ನು ಸ್ವಲ್ಪವೂ ನಗದೆ ಬರೆಯುತ್ತಾಳೆ.

ಅವಳ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಜನ ಒಬ್ಬೊಬ್ಬರಾಗಿ ಬಂದು, ಬಾಗಿ, ಶಿಲುಬೆಯನ್ನು ಮೊದಲು ಹಣೆಯಿಂದ, ಆಮೇಲೆ ಕಣ್ಣುಗಳಿಂದ ಮುಟ್ಟಿ, ಮುತ್ತಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಕೈಯಿಂದ ಯಾರೂ ಮುಟ್ಟುತ್ತಿರಲಿಲ್ಲ. ಈ ವಾಕ್ಯ ಯುರೋಪಿನ ಓದುಗರಿಗೆ ವಿಚಿತ್ರವಾಗಿ ಕಾಣಬಹುದು, ನಮಗೆ ಕಾಣುವುದಿಲ್ಲ. ಪವಿತ್ರವಾದುದನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಮಗುವಿಗೂ ಗೊತ್ತು. ನಮ್ಮೂರಿನ ದೇವಾಲಯದಲ್ಲಿ ಇಂದಿಗೂ ಶುಕ್ರವಾರ ಸಂಜೆ ಶಿಲುಬೆಯ ಮುಂದೆ ಸಾಲು ನಿಂತಾಗ ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯೇಸುವಿನ ಪಾದಗಳಿಗೆ ಹಣೆ ಹಚ್ಚಿ, ಕಣ್ಣಿಗೊತ್ತಿಕೊಂಡು, ಆಮೇಲೆಯೇ ಮುತ್ತಿಡುವುದು. ಇದನ್ನು ಅವರಿಗೆ ಯೆರೂಸಲೇಮಿನವರು ಕಲಿಸಲಿಲ್ಲ.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಳೆಯಾಗಲಿ ಬಿಸಿಲಾಗಲಿ ಬಯಲಿನ ಅಂಗಳದಲ್ಲಿ ಜನ ಒತ್ತೊತ್ತಾಗಿ ನಿಂತು, ಕೀರ್ತನೆಗಳಲ್ಲಿ, ಪ್ರವಾದಿಗಳಲ್ಲಿ, ಶುಭಸಂದೇಶಗಳಲ್ಲಿ ಯಾತನೆಯ ಕುರಿತು ಎಲ್ಲೆಲ್ಲಿ ಏನಿದೆಯೋ ಅದನ್ನೆಲ್ಲ ಕೇಳುತ್ತಿದ್ದರು. ಮೂರು ಗಂಟೆಗೆ ಸರಿಯಾಗಿ ಯೊವಾನ್ನನ ಶುಭಸಂದೇಶದಿಂದ ಯೇಸು ಪ್ರಾಣಬಿಟ್ಟ ಭಾಗವನ್ನು ಓದುತ್ತಿದ್ದರು. ಬಲಿಪೂಜೆ ಇಲ್ಲ, ಓದು, ಪ್ರಾರ್ಥನೆ, ಮರ ಇಷ್ಟೇ. ಯಾತ್ರಿಕರು ಊರಿಗೆ ಮರಳುವಾಗ ಈ ಕ್ರಮವನ್ನು ತಮ್ಮೊಂದಿಗೆ ಒಯ್ದರು, ಶಿಲುಬೆಯ ಮರದ ಚೂರುಗಳೂ ಊರೂರಿಗೆ ಹೋದವು. ಯೆರೂಸಲೇಮಿನ ಧರ್ಮಾಧ್ಯಕ್ಷ ಸಿರಿಲನು ನಾಲ್ಕನೆಯ ಶತಮಾನದ ನಡುವಿನಲ್ಲೇ ಆ ಚೂರುಗಳು ಲೋಕವನ್ನೆಲ್ಲ ತುಂಬಿವೆ ಎಂದಿದ್ದ. ಎಂಟನೆಯ ಶತಮಾನದ ರೋಮಿನಲ್ಲಿ ಪೋಪನೇ ಬರಿಗಾಲಲ್ಲಿ ತನ್ನ ನಿವಾಸವಿದ್ದ ಲ್ಯಾಟೆರನ್ನಿನಿಂದ ಪವಿತ್ರ ಶಿಲುಬೆಯ ಬಸಿಲಿಕ ಎಂಬ ದೇವಾಲಯಕ್ಕೆ ಮೆರವಣಿಗೆಯಲ್ಲಿ ನಡೆಯುತ್ತಿದ್ದ. ಆ ಬಸಿಲಿಕದ ಹೆಸರಿನಲ್ಲೇ 'ಯೆರೂಸಲೇಮಿನಲ್ಲಿರುವ' ಎಂಬ ಮಾತು ಸೇರಿಕೊಂಡಿದೆ, ಇರುವುದು ರೋಮಿನಲ್ಲಾದರೂ.

ಈಗಿನ ವಿಧಿಯಲ್ಲಿ ಈ ಎಲ್ಲ ಪದರಗಳೂ ಉಳಿದಿವೆ. ಗುರುಗಳು ಕೆಂಪು ಉಡುಪಿನಲ್ಲಿ ಮೌನವಾಗಿ ಬಂದು ಬರಿದಾದ ಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗುತ್ತಾರೆ. ಹಾಡಿಲ್ಲ, ಶಿಲುಬೆಯ ಗುರುತಿಲ್ಲ, 'ಪ್ರಭುವು ನಿಮ್ಮೊಂದಿಗಿರಲಿ' ಎಂಬ ವಂದನೆಯೂ ಇಲ್ಲ. ಯೆಶಾಯ ಪ್ರವಾದಿಯ ಗ್ರಂಥದಿಂದ, ವಧೆಗೆ ಒಯ್ಯುವ ಕುರಿಮರಿಯಂತೆ ಬಾಯಿ ತೆರೆಯದ ಸೇವಕನ ಭಾಗವನ್ನು ಓದುತ್ತಾರೆ. ಅನಂತರ ಯೊವಾನ್ನನ ಯಾತನಾ ವೃತ್ತಾಂತ, ಒಬ್ಬರು ನಿರೂಪಕರಾಗಿ, ಒಬ್ಬರು ಯೇಸುವಾಗಿ, ಮಿಕ್ಕವರು ಗುಂಪಾಗಿ. ವರ್ಷ ಬದಲಾದರೂ ಶುಕ್ರವಾರ ಓದುವುದು ಯೊವಾನ್ನನನ್ನೇ. ಮತ್ತಾಯ, ಮಾರ್ಕ, ಲೂಕರ ಸರದಿ ಅದಕ್ಕೆ ಮುಂಚಿನ ಗರಿಗಳ ಭಾನುವಾರಕ್ಕೆ. ಈ ಹಂಚಿಕೆ ನನಗೆ ಬಹಳ ಅರ್ಥಪೂರ್ಣವೆನಿಸಿದೆ. ಮಾರ್ಕನ ಯೇಸು "ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ?" ಎಂದು ಕೂಗಿ ಸಾಯುತ್ತಾನೆ, ಅಷ್ಟರ ಮೇಲೆ ಅವನ ಬಾಯಲ್ಲಿ ಮಾತಿಲ್ಲ. ಯೊವಾನ್ನನ ಯೇಸುವಾದರೋ ತನ್ನ ಶಿಲುಬೆಯನ್ನು ತಾನೇ ಹೊತ್ತು, ಉಳಿದ ಮೂವರು ಹೇಳುವಂತೆ ಶಿಲುಬೆ ಹೊರಲು ಹೆಗಲು ಕೊಟ್ಟ ಸೀಮೋನನ ಸಹಾಯವೂ ಇಲ್ಲದೆ ನಡೆದು, ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿ, "ಎಲ್ಲವೂ ನೆರವೇರಿತು" ಎಂದು ತಲೆಬಾಗಿಸುತ್ತಾನೆ. ಕೈಬಿಡಲ್ಪಟ್ಟವನ ಸಾವು ಒಂದು, ಹಿಡಿದ ಕೆಲಸ ಮುಗಿಸಿದವನ ಸಾವು ಇನ್ನೊಂದು. ಎರಡನ್ನೂ ಬೆರೆಸಿ ಒಂದು ಕಥೆ ಮಾಡದೆ, ಒಂದೇ ವಾರದೊಳಗೆ ಎರಡಕ್ಕೂ ಬೇರೆ ಬೇರೆ ದಿನ ಕೊಟ್ಟವರಿಗೆ ಸಾವಿನ ಮನೆಯ ಅನುಭವವಿತ್ತು ಎಂದು ನಾನು ಊಹಿಸುತ್ತೇನೆ.

ಅಜ್ಜಿ ಹುಡುಗಿಯಾಗಿದ್ದಾಗ ಈ ವಿಧಿ ನಡೆಯುತ್ತಿದ್ದುದು ಬೆಳಗ್ಗೆ, ಲ್ಯಾಟಿನ್ ಭಾಷೆಯಲ್ಲಿ, ಕಪ್ಪು ಉಡುಪಿನಲ್ಲಿ. ಗುರುವಾರ ಪವಿತ್ರೀಕರಿಸಿಟ್ಟ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದುದು ಗುರುಗಳೊಬ್ಬರೇ. ಜನ ನೋಡುತ್ತಾ ನಿಲ್ಲುತ್ತಿದ್ದರು. ಪೋಪ್ ಹನ್ನೆರಡನೆಯ ಪಿಯುಸ್ 1955ರಲ್ಲಿ ಹೊರಡಿಸಿದ ಆದೇಶದಿಂದ ಮರುವರ್ಷ ವಿಧಿ ಮಧ್ಯಾಹ್ನ ಮೂರರ ಹೊತ್ತಿಗೆ ಮರಳಿತು, ಜನರಿಗೂ ಪ್ರಸಾದ ದೊರೆಯಿತು. ಅಜ್ಜಿಗೆ ಇದು ಪೂರ್ತಿ ಹಿಡಿಸಿರಲಿಲ್ಲ. ಸಾವಿನ ದಿನ ಪ್ರಸಾದವೇನು ಎಂದು ಅವಳು ಕೊನೆಯವರೆಗೂ ಗೊಣಗುತ್ತಿದ್ದಳು, ಸಾಲಿನಲ್ಲಿ ಮಾತ್ರ ಮೊದಲೇ ನಿಲ್ಲುತ್ತಿದ್ದಳು.

ಇನ್ನು ಹೆಸರಿನ ಮಾತು. ಕೊಲೆಯಾದ ದಿನಕ್ಕೆ ಶುಭ ಎನ್ನುವುದು ಹೇಗೆ ಎಂದು ಕ್ರೈಸ್ತರಲ್ಲದ ಗೆಳೆಯರು ಪ್ರತಿ ವರ್ಷ ಕೇಳುತ್ತಾರೆ. ಕೇಳದವರು ಬೆಳಗ್ಗೆಯೇ 'ಹ್ಯಾಪಿ ಗುಡ್ ಫ್ರೈಡೇ' ಎಂದು ವಾಟ್ಸಾಪ್ ಕಳಿಸಿರುತ್ತಾರೆ. ನಮ್ಮ 'ಶುಭ ಶುಕ್ರವಾರ' ಇಂಗ್ಲಿಷಿನ ಪದಕ್ಕೆ ಪದವಿಟ್ಟು ಮಾಡಿದ ಹೆಸರು, ಅದರ ಎಡವಟ್ಟನ್ನೂ ಸೇರಿಸಿ. ಇಂಗ್ಲಿಷಿನಲ್ಲಿ ಆ ಪದ ಸುಮಾರು 1290ರ ಬರಹದಲ್ಲಿ ಮೊದಲು ಕಾಣಿಸುತ್ತದೆ. ಅಲ್ಲಿ ಅದರ ಅರ್ಥ 'ಪವಿತ್ರ' ಎಂದು. ಅದಕ್ಕೂ ಮುಂಚೆ ಹಳೆಯ ಇಂಗ್ಲಿಷಿನವರು ಇದನ್ನು 'ಉದ್ದದ ಶುಕ್ರವಾರ' ಎನ್ನುತ್ತಿದ್ದರು, ಡೆನ್ಮಾರ್ಕಿನವರು ಇಂದಿಗೂ ಹಾಗೆಯೇ ಎನ್ನುತ್ತಾರೆ. ಇಡೀ ದಿನ ಉಪವಾಸವಿದ್ದು ಸಂಜೆಯ ಗಂಜಿಗೆ ಕಾದ ಯಾವ ಮಗುವಿಗೂ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಜರ್ಮನ್ನರದು ಗೋಳಿನ ಶುಕ್ರವಾರ, ಗ್ರೀಕರದು ಮಹಾ ಶುಕ್ರವಾರ. ನೆರೆಯ ತಮಿಳರು ಪೆರಿಯ ವೆಳ್ಳಿ ಎನ್ನುತ್ತಾರೆ, ಮಲಯಾಳಿಗಳು ದುಃಖವೆಳ್ಳಿ ಎನ್ನುತ್ತಾರೆ. ಈ ಸಾಲಿನಲ್ಲಿ ನಮ್ಮ ಹೆಸರೇ ಸಪ್ಪೆಯೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಆರಾಧನೆಯ ಕನ್ನಡದಲ್ಲಿ ಇನ್ನೊಂದು ಪದವಿದೆ, ಅದನ್ನು ಯಾರಿಗೂ ಬಿಟ್ಟುಕೊಡಲಾರೆ. ಯೇಸುವಿನ ಯಾತನೆಯನ್ನು ನಾವು 'ಪಾಡು' ಎನ್ನುತ್ತೇವೆ: ಪಾಡು, ಮರಣ, ಪುನರುತ್ಥಾನ. ಪಡುವುದೆಲ್ಲ ಪಾಡು. ಹಳಗನ್ನಡದಲ್ಲಿ ಪಾಡು ಎಂದರೆ ಹಾಡು ಕೂಡ. ಯಾತನೆಯ ವೃತ್ತಾಂತವನ್ನು ಶತಮಾನಗಳಿಂದ ರಾಗವಾಗಿ ಹಾಡಿಕೊಂಡು ಬಂದವರಿಗೆ ಇದಕ್ಕಿಂತ ಒಪ್ಪುವ ಪದ ಬೇರೆ ಯಾವ ಭಾಷೆಯಲ್ಲಿ ಸಿಕ್ಕೀತು?

ಈ ದಿನದ ಇತಿಹಾಸ ಬರೆಯುವಾಗ ಮುಜುಗರದ ಅಧ್ಯಾಯವೊಂದನ್ನು ದಾಟಿಹೋಗುವುದು ಸರಿಯಲ್ಲ. ಸಾವಿನ ಮನೆಯಲ್ಲಿ ಕೂತವರು ಕೊಂದವರಾರು ಎಂದು ಹುಡುಕಲು ಹೊರಟರೆ ಅನಾಹುತವಾಗುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಯೆಹೂದ್ಯರಿಗೆ ಈ ವಾರ ಭಯದ ವಾರವಾಗಿತ್ತು. ಫ್ರಾನ್ಸಿನ ಬೆಝಿಯೇ ಪಟ್ಟಣದಲ್ಲಿ ಯೆಹೂದ್ಯರ ಮನೆಗಳಿಗೆ ಕಲ್ಲು ಹೊಡೆಯುವುದು ಈ ವಾರದ ಸಂಪ್ರದಾಯವೇ ಆಗಿ, 1160ರಲ್ಲಿ ಅವರಿಂದ ಹಣ ಕಟ್ಟಿಸಿಕೊಂಡು ಅದನ್ನು ನಿಲ್ಲಿಸಲಾಯಿತು. ಶುಕ್ರವಾರದ ವಿಧಿಯಲ್ಲಿ ಲೋಕದ ಎಲ್ಲರಿಗಾಗಿ ಹತ್ತು ಪ್ರಾರ್ಥನೆಗಳಿವೆ. ಅವುಗಳಲ್ಲಿ ಯೆಹೂದ್ಯರಿಗಾಗಿ ಇದ್ದ ಹಳೆಯ ಲ್ಯಾಟಿನ್ ಪ್ರಾರ್ಥನೆ ಅವರನ್ನು ವಿಶ್ವಾಸಹೀನರೆಂದು ಕರೆಯುತ್ತಿತ್ತು, ಮತ್ತು ಉಳಿದೆಲ್ಲ ಪ್ರಾರ್ಥನೆಗಳಿಗೆ ಮೊಣಕಾಲೂರುತ್ತಿದ್ದ ಜನ ಅದೊಂದಕ್ಕೆ ಊರುತ್ತಿರಲಿಲ್ಲ. 1955ರ ಸುಧಾರಣೆಯಲ್ಲಿ ಮೊಣಕಾಲೂರುವುದು ಮರಳಿತು. 1959ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಆ ವಿಶೇಷಣವನ್ನು ತೆಗೆಸಿದ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಯೇಸುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಈಗಿನ ಪ್ರಾರ್ಥನೆ ಅವರನ್ನು ದೇವರ ವಾಕ್ಯವನ್ನು ಮೊದಲು ಕೇಳಿದವರೆಂದು ಗೌರವಿಸುತ್ತದೆ. ಒಂದು ಪದವನ್ನು ಅಳಿಸಲು ಎಷ್ಟು ಶತಮಾನ ಬೇಕಾಯಿತು ಎಂದು ಲೆಕ್ಕ ಹಾಕಿದರೆ ತಲೆ ತಗ್ಗುತ್ತದೆ. ಯಾತನಾ ವೃತ್ತಾಂತ ಓದುವಾಗ "ಅವನನ್ನು ಶಿಲುಬೆಗೇರಿಸಿ" ಎಂಬ ಗುಂಪಿನ ಮಾತು ನಮ್ಮ ಬಾಯಿಗೇ ಬರುವಂತೆ ಪಾತ್ರ ಹಂಚಿರುತ್ತಾರೆ. ಚಿಕ್ಕವನಿದ್ದಾಗ ನಾನು ಆ ಸಾಲನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಈಗ ಹೇಳುತ್ತೇನೆ.

ವಿಧಿಯ ಆಚೆ ಜನರೇ ಕಟ್ಟಿಕೊಂಡ ಆಚರಣೆಗಳು ಬೇರೆ ಇವೆ. ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುತ್ತಾ ನಿಂತು ನಿಂತು ಪ್ರಾರ್ಥಿಸುವ ಶಿಲುಬೆಯ ಹಾದಿಯ ಸ್ಥಳಗಳು ಹದಿನಾಲ್ಕು ಎಂದು ಖಚಿತವಾದದ್ದು 1731ರಲ್ಲಿ. ಅವುಗಳಲ್ಲಿ ಯೇಸು ಮೂರು ಸಲ ಬೀಳುವುದಾಗಲಿ, ವೆರೋನಿಕ ಮುಖ ಒರೆಸುವುದಾಗಲಿ ಶುಭಸಂದೇಶಗಳಲ್ಲಿ ಇಲ್ಲ. ಆದರೆ ಹೊರೆ ಹೊತ್ತವನು ಎಡವುತ್ತಾನೆ, ಬೆವರಿದವನ ಮುಖವನ್ನು ಯಾರಾದರೂ ಒರೆಸುತ್ತಾರೆ ಎಂದು ಜನಕ್ಕೆ ಅನ್ನಿಸಿದೆ, ಸೇರಿಸಿದ್ದಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಅದರ ಮೂಲ ಹುಡುಕಿದರೆ ಹದಿನೇಳನೆಯ ಶತಮಾನದ ಪೆರುವಿನ ಲೀಮಾ ನಗರದ ಯೇಸುಸಭೆಯ (ಜೆಸ್ವಿಟ್) ಕಥೋಲಿಕ ಗುರುವೊಬ್ಬನ ಬಳಿಗೆ ಹೋಗುತ್ತದೆ ಎಂಬುದು ಎರಡೂ ಕಡೆಯವರಿಗೆ ನಗು ತರಿಸುವ ಸಂಗತಿ. ನಮ್ಮ ಕನಕಪುರದ ಕಡೆಯ ಹಾರೋಬೆಲೆಯಲ್ಲಿ ಊರವರೇ ಬಣ್ಣ ಹಚ್ಚಿ ಯೇಸುವಿನ ಪಾಡಿನ ನಾಟಕವಾಡುತ್ತಾರೆ, ನೂರು ವರ್ಷ ದಾಟಿದ ಪರಂಪರೆ ಅದು. ಅಲ್ಲಿನ ಬೆಟ್ಟದ ಹೆಸರು ಕಪಾಲಬೆಟ್ಟ. ಗೊಲ್ಗೊಥ ಎಂಬ ಪದದ ಅರ್ಥವೂ ಕಪಾಲವೇ.

ಶುಕ್ರವಾರದ ವಿಧಿ ಮುಗಿದಾಗ ಕೊನೆಯ ಹಾಡಿಲ್ಲ, "ಹೋಗಿಬನ್ನಿ" ಎಂಬ ಮಾತಿಲ್ಲ. ಜನ ಸದ್ದಿಲ್ಲದೆ ಎದ್ದು ಹೋಗಬೇಕೆಂದು ಪೂಜಾಗ್ರಂಥದಲ್ಲೇ ಬರೆದಿದೆ. ಮರುದಿನ ಹಗಲೆಲ್ಲ ಪೀಠ ಬರಿದಾಗಿಯೇ ಇರುತ್ತದೆ. ಶನಿವಾರ ಕತ್ತಲಾದ ಮೇಲೆ ದೇವಾಲಯದ ಹೊರಗೆ ಕಟ್ಟಿಗೆ ಒಟ್ಟಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಖ ದೀಪಸ್ತಂಭವನ್ನೂ, ಅದರಿಂದ ಎಲ್ಲರ ಕೈಯ ಮೇಣದ ಬತ್ತಿಗಳನ್ನೂ ಹಚ್ಚುತ್ತಾರೆ. ಅಜ್ಜಿ ತನ್ನ ಬತ್ತಿಯನ್ನು ಅಂಗೈ ಮರೆಮಾಡಿಕೊಂಡು, ನನ್ನನ್ನು ಗಾಳಿ ಬರುವ ಕಡೆ ನಡೆಸಿಕೊಂಡು, ಮನೆಯ ಒಲೆಗೆ ಅದೇ ಬೆಂಕಿ ತಾಗಿಸಬೇಕೆಂದು ಹೊರಡುತ್ತಿದ್ದಳು. ಕೆರೆ ಏರಿಯ ಮೇಲೆ ಬಂದಾಗ ಹೆಚ್ಚಿನ ವರ್ಷ ಅದು ಆರಿಹೋಗುತ್ತಿತ್ತು. ಅವಳು ಏನನ್ನೂ ಹೇಳದೆ ಮನೆಗೆ ಬಂದು, ಗೂಡಿನಿಂದ ಬೆಂಕಿಪೊಟ್ಟಣ ತೆಗೆದು, ಮೊದಲು ಬತ್ತಿಯನ್ನು ಹಚ್ಚಿ, ಆ ಬತ್ತಿಯಿಂದಲೇ ಒಲೆ ಹಚ್ಚುತ್ತಿದ್ದಳು.